ಸಣ್ಣ ಮೋಟಾರಿನ ವೈರಿಂಗ್: ಸೋಲ್ಡರ್ ಮತ್ತು ಐರನ್ ಆರಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತಕ್ಕೂ ಕಬ್ಬಿಗೂ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ಗಳು ರಿಪೇರಿಗೆಂದು ನನ್ನ ಮೇಜಿಗೆ ಬಂದಾಗ, ಬಹುಪಾಲು ಸಲ ಮೋಟಾರ್ ಕೆಟ್ಟಿರುವುದಿಲ್ಲ. ಮೋಟಾರಿನ ಟರ್ಮಿನಲ್ಲಿಗೆ, ಅಂದರೆ ವೈರ್ ಕೂರುವ ಲೋಹದ ಕಿವಿಗೆ, ಮನೆಯಲ್ಲೇ ಹಾಕಿಕೊಂಡ ಬೆಸುಗೆ ಕೆಟ್ಟಿರುತ್ತದೆ. ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕೊಂಡು ತರುವ ಹಳದಿ ಬಣ್ಣದ ಗೇರ್ ಮೋಟಾರುಗಳದ್ದೂ ಇದೇ ಕತೆ. ಟರ್ಮಿನಲ್ಲಿನ ಮೇಲೆ ಮೆಣಸಿನ ಕಾಳಿನಷ್ಟು ದಪ್ಪದ ಬೂದು ಬಣ್ಣದ ಗುಂಡೊಂದು ಕೂತಿರುತ್ತದೆ. ವೈರನ್ನು ಎರಡು ಬೆರಳಿನಲ್ಲಿ ಹಿಡಿದು ತಿರುವಿದರೆ ಅದು ಆ ಗುಂಡಿನ ಒಳಗೇ ತಿರುಗುತ್ತದೆ. ಟರ್ಮಿನಲ್ಲಿನ ಬುಡದ ಪ್ಲಾಸ್ಟಿಕ್ ಕರಗಿ, ಟರ್ಮಿನಲ್ ಒಂದು ಕಡೆಗೆ ವಾಲಿರುತ್ತದೆ.

ಬೆಸುಗೆ ಹಿಡಿಯದಿದ್ದರೆ ಬಿಸಿ ಸಾಲಲಿಲ್ಲವೆಂದೂ ಪ್ಲಾಸ್ಟಿಕ್ ಕರಗಿದರೆ ಬಿಸಿ ಹೆಚ್ಚಾಯಿತೆಂದೂ ಜನ ತಿಳಿಯುತ್ತಾರೆ. ಆದರೆ ಎರಡೂ ಒಂದೇ ಜಾಗದಲ್ಲಿ ಕಾಣಿಸುತ್ತಿವೆಯೆಂದರೆ ಅದಕ್ಕೆ ಕಾರಣ ಒಂದೇ: ಚಿಕ್ಕ ಐರನ್ನನ್ನು, ಅಂದರೆ ಬೆಸುಗೆ ಹಾಕುವ ಬಿಸಿ ಉಪಕರಣವನ್ನು, ಹದಿನೈದಿಪ್ಪತ್ತು ಸೆಕೆಂಡು ಒತ್ತಿ ಹಿಡಿದದ್ದು. ಆ ಹೊತ್ತಿನಲ್ಲಿ ಲೋಹವು ಬೆಸುಗೆಯ ಬಿಸಿಗೆ ಏರುವುದಿಲ್ಲ, ಏರಿದಷ್ಟು ಬಿಸಿ ಮಾತ್ರ ನಿಧಾನವಾಗಿ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ. ಇದನ್ನು ಕಂಡ ಮೇಲೂ "ಇನ್ನೂ ಚಿಕ್ಕ ಐರನ್ ತರಬೇಕು" ಎನ್ನುವವರೇ ಹೆಚ್ಚಾಗಿರುವುದರಿಂದ, ಆಯ್ಕೆಯ ಕ್ರಮವನ್ನೇ ಇಲ್ಲಿ ತಿರುಗಿಸಿ ಹೇಳುತ್ತಿದ್ದೇನೆ. ಮೊದಲು ಮೋಟಾರ್ ಮತ್ತು ವೈರ್, ಆಮೇಲೆ ಬೆಸುಗೆಗೆ ಕರಗಿಸುವ ಲೋಹದ ತಂತಿಯಾದ ಸೋಲ್ಡರ್, ಅದಾದ ಮೇಲೆ ಐರನ್.

ಹಂತ 1: ಮೋಟಾರನ್ನೂ ವೈರನ್ನೂ ಗುರುತಿಸುವುದು

ಆಟಿಕೆಯ 3ರಿಂದ 6 ವೋಲ್ಟಿನ ಮೋಟಾರುಗಳ ಟರ್ಮಿನಲ್ ತೆಳು ತಗಡಿನದು. ಅದು ಬೇಗ ಬಿಸಿಯಾಗುತ್ತದೆ, ಬೇಗ ಮುರಿಯುತ್ತದೆ. ಹಳದಿ ಗೇರ್ ಮೋಟಾರಿನ ಕಿವಿಗಳನ್ನು ಎರಡು ಮೂರು ಸಲ ಬಗ್ಗಿಸಿದರೆ ಬುಡದಲ್ಲೇ ತುಂಡಾಗಿ ಕೈಗೆ ಬರುತ್ತವೆ. ಸ್ಪ್ರೇಯರ್ ಪಂಪಿನ 12 ವೋಲ್ಟ್ ಮೋಟಾರ್ ಮತ್ತು ಹುಡುಗರು ಕೊಳ್ಳುವ 775 ನಂಬರಿನ ಮೋಟಾರ್ ಹಾಗಲ್ಲ. ಅವುಗಳ ಟರ್ಮಿನಲ್ ದಪ್ಪವಾಗಿದ್ದು ಬಿಸಿಯನ್ನು ನುಂಗುತ್ತದೆ, ಹರಿಯುವ ಕರೆಂಟ್ ಹಲವು ಆಂಪಿಯರ್ ಇರುತ್ತದೆ.

ವೈರನ್ನು ಅಂಗಡಿಯಲ್ಲಿ 7/36, 14/36, 23/36, 40/36 ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ. ಎರಡನೆಯದು ಪ್ರತಿ ಎಳೆಯ ಗೇಜ್, ಅಂದರೆ ಎಳೆಯೊಂದಕ್ಕೆ ಸುಮಾರು 0.19 ಮಿ.ಮೀ. ದಪ್ಪ. ಆಟಿಕೆ ಮೋಟಾರಿಗೆ 7/36 ಅಥವಾ 14/36 ಸಾಕು. ಸ್ಪ್ರೇಯರಿಗೆ 23/36ಕ್ಕಿಂತ ಕಡಿಮೆ ಬೇಡ. ವೈರ್ ಉದ್ದವಾಗಿದ್ದರೆ 40/36 ಇರಲಿ.

ಈಗ ವೈರಿನ ಒಳಗೆ ತಾಮ್ರವೇ ಇದೆಯೇ ಎಂದು ನೋಡಬೇಕು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಆ ಲೇಪ ಎಲ್ಲಿ ಹೋಗಿದೆಯೋ ಅಲ್ಲಿ ಸಾಮಾನ್ಯ ಸೋಲ್ಡರ್ ಹಿಡಿಯುವುದೇ ಇಲ್ಲ. ಅಗ್ಗದ ಫ್ಯಾನುಗಳ ಒಳಗಿನ ಸುರುಳಿಯೂ ಹಲವು ಸಲ ಅಲ್ಯೂಮಿನಿಯಮ್ಮಿನದೇ ಆಗಿರುತ್ತದೆ, ಅದರ ಮೇಲೆ ಎಷ್ಟು ಹೊತ್ತು ಐರನ್ ಹಿಡಿದರೂ ವ್ಯರ್ಥ. ಲೇಪವಿದ್ದರೂ ತಾಮ್ರವಲ್ಲದ ವೈರನ್ನು ಮೋಟಾರಿಗೆ ಬಳಸದೆ ಪಕ್ಕಕ್ಕಿಡುವುದು ಒಳ್ಳೆಯದು.

ಸ್ಪ್ರೇಯರಿನಲ್ಲಿ ಇನ್ನೊಂದು ತೊಡಕಿದೆ. ಔಷಧಿಯ ನೀರು ವೈರಿನ ತುದಿಯಿಂದ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಹತ್ತಿ, ತಾಮ್ರವನ್ನು ಕಪ್ಪಾಗಿಸುತ್ತದೆ. ಹೀಗೆ ಕಪ್ಪಾದ ಎಳೆಗೆ ಸೋಲ್ಡರ್ ಅಂಟದೆ ನೀರಿನ ಹನಿ ಕೆಸುವಿನ ಎಲೆಯ ಮೇಲಿಂದ ಜಾರುವಂತೆ ಜಾರಿಹೋಗುತ್ತದೆ. ತುದಿಯಿಂದ ಎರಡು ಇಂಚು, ಬೇಕಾದರೆ ಇನ್ನೂ ಎರಡು ಇಂಚು ಕತ್ತರಿಸುತ್ತ ಹೋಗಿ, ಹೊಳೆಯುವ ತಾಮ್ರ ಸಿಕ್ಕಲ್ಲಿ ನಿಲ್ಲಿಸಿರಿ. ಸಿಗಲೇ ಇಲ್ಲವೆಂದರೆ ವೈರ್ ಬದಲಿಸಿರಿ. ಈ ಕೆಲಸಕ್ಕೆ ಕೂರುವ ಮೊದಲು ಸ್ಪ್ರೇಯರನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು, ಏಕೆಂದರೆ ಔಷಧಿಯ ಅಂಶ ಉಳಿದ ಭಾಗವನ್ನು ಕಾಯಿಸಿದಾಗ ಏಳುವ ಹೊಗೆಯನ್ನು ಉಸಿರಾಡಬಾರದು. ಬ್ಯಾಟರಿಯ ಒಂದು ತಂತಿಯನ್ನು ಮೊದಲೇ ಬಿಚ್ಚಿಡಬೇಕು.

ಹಂತ 2: ಬೆಸುಗೆ ಬೇಡದ ಜಾಗಗಳನ್ನು ಬಿಡುವುದು

ಸ್ಕ್ರೂ ಬಿಗಿಯುವ ಕನೆಕ್ಟರಿಗೆ ಹೋಗುವ ವೈರಿನ ತುದಿಗೆ ಸೋಲ್ಡರ್ ಹಿಡಿಸಬಾರದು. ಒತ್ತಡದ ಅಡಿಯಲ್ಲಿ ಸೋಲ್ಡರ್ ನಿಧಾನವಾಗಿ ಜರುಗಿ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲವಾಗಿ, ಆ ಜಾಗ ಕಾಯತೊಡಗುತ್ತದೆ. ಅರ್ಥ್ ವೈರಿಗೆ ಲಗ್, ಅಂದರೆ ತುದಿಗೆ ತೊಡಿಸುವ ಲೋಹದ ತುಂಡು ಹಾಕಿ ಒತ್ತುವ ಜೋಡಣೆಯೇ ಸರಿ. ಮಿಕ್ಸಿಯ ಆರ್ಮೇಚರಿನಲ್ಲಿ, ಅಂದರೆ ಮೋಟಾರಿನ ತಿರುಗುವ ಭಾಗದಲ್ಲಿ, ಸುರುಳಿಯ ತುದಿಗಳನ್ನು ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉಂಗುರದ ಕೊಕ್ಕೆಗಳಿಗೆ ಬಿಸಿಯಲ್ಲಿ ಅದುಮಿ ಕೂರಿಸಿರುತ್ತಾರೆ. ಅಲ್ಲಿ ಸಾಮಾನ್ಯ ಸೋಲ್ಡರ್ ಹಾಕಿದರೆ ವೇಗಕ್ಕೂ ಬಿಸಿಗೂ ಸಿಡಿದು ಹೊರಬರಬಹುದು, ಆದ್ದರಿಂದ ಅದನ್ನು ಸುರುಳಿ ಕಟ್ಟುವವರಿಗೇ ಬಿಡುವುದು ಮೇಲು.

230 ವೋಲ್ಟಿನ ಯಾವ ಮೋಟಾರನ್ನಾದರೂ ಮುಟ್ಟುವ ಮೊದಲು ಪ್ಲಗ್ಗನ್ನೇ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಫ್ಯಾನಿಗೆ ಕೆಪಾಸಿಟರ್ ಇದ್ದರೆ ಟೆಸ್ಟ್ ಲ್ಯಾಂಪಿನ, ಅಂದರೆ ಹೋಲ್ಡರಿಗೆ ತಂತಿ ಕಟ್ಟಿದ ಬಲ್ಬಿನ, ಎರಡು ತಂತಿಗಳನ್ನು ಅದರ ಎರಡು ತುದಿಗೆ ತಾಗಿಸಿ, ಉಳಿದ ಚಾರ್ಜನ್ನು ಇಳಿಸಿಕೊಳ್ಳಬೇಕು.

ಹಂತ 3: ಸೋಲ್ಡರ್ ಆರಿಸುವುದು

ಅಂಗಡಿಯಲ್ಲಿ ಸೋಲ್ಡರಿಗೆ "ಲೆಡ್ ಕೊಡಿ" ಎಂದಷ್ಟೇ ಕೇಳಿದರೆ ಕೈಗೆ ಸಿಕ್ಕ ರೋಲ್ ಕೊಡುತ್ತಾರೆ. ರೋಲಿನ ಮೇಲೆ ಮೂರು ವಿಷಯ ಬರೆದಿರಬೇಕು: ಮಿಶ್ರಣದ ಪ್ರಮಾಣ, ದಪ್ಪ, ಒಳಗಿನ ಫ್ಲಕ್ಸ್ (ಲೋಹದ ಮೈಯನ್ನು ಶುಚಿ ಮಾಡಿ ಸೋಲ್ಡರ್ ಹಿಡಿಯುವಂತೆ ಮಾಡುವ ವಸ್ತು). ಈ ಮೂರರಲ್ಲಿ ಯಾವುದಾದರೊಂದು ಇಲ್ಲದ ರೋಲನ್ನು ಅಲ್ಲೇ ವಾಪಸ್ ಇಡಿ.

ಮೊದಲನೆಯದಾಗಿ ಮಿಶ್ರಣ. 63/37 ಎಂದರೆ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. ಇದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿ, ಅದೇ ಉಷ್ಣದಲ್ಲಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಕೂಡ 183 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ, ಆದರೆ ಪೂರ್ತಿ ನೀರಾಗಲು 190ರ ಆಸುಪಾಸಿಗೆ ಹೋಗಬೇಕು. ನಡುವಿನ ಆ ಕೆಲವು ಡಿಗ್ರಿಗಳಲ್ಲಿ ಅದು ಅಂಬಲಿಯ ಹದದಲ್ಲಿರುತ್ತದೆ. ಆಗ ವೈರ್ ಕೊಂಚ ಅಲುಗಾಡಿದರೂ ಒಳಗೆ ಬಿರುಕು ಉಳಿಯುತ್ತದೆ. ಕೈ ಪಳಗಿದವರಿಗೆ 60/40 ಸಾಕು. ಈಗಷ್ಟೇ ಕಲಿಯುತ್ತಿರುವವರು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ 63/37 ತರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಸೀಸ ಹೆಚ್ಚಾದ 40/60 ರೋಲುಗಳು ಅಗ್ಗವಾಗಿರುತ್ತವೆ, ಆದರೆ ಅವು ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು. ಒಮ್ಮೆ ನಾನು 60/40 ಎಂದು ಬರೆದಿದ್ದ ರೋಲೊಂದನ್ನು ಕಡಿಮೆ ಬೆಲೆಗೆ ತಂದು, ಹೊಸ ಐರನ್ನೇ ಕೆಟ್ಟಿದೆಯೆಂದು ಎರಡು ದಿನ ಅದನ್ನು ಬಿಚ್ಚಿ ಜೋಡಿಸುತ್ತ ಕೂತಿದ್ದೆ. ಆ ರೋಲಿನ ಸೋಲ್ಡರ್ ಆರುವಾಗ ಬಹಳ ಹೊತ್ತು ಮೆತ್ತಗೇ ಇರುತ್ತಿತ್ತು, ಆರಿದ ಮೇಲೆ ಮಂಕಾಗಿ ಕಾಣುತ್ತಿತ್ತು. ಹಳೆಯ ಒಳ್ಳೆಯ ರೋಲಿನ ತುಂಡನ್ನು ಅದೇ ಐರನ್ನಿನ ಬಿಟ್ಟಿಗೆ, ಅಂದರೆ ಕಾಯುವ ಮೂತಿಗೆ, ಮುಟ್ಟಿಸಿದಾಗ ತಟ್ಟನೆ ಕರಗಿ ಹೊಳೆಯಿತು. ಹೊಸ ರೋಲ್ ತಂದ ದಿನವೇ ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ.

ಸೀಸವಿಲ್ಲದ ಸೋಲ್ಡರ್ 217ರಿಂದ 227 ಡಿಗ್ರಿಯ ನಡುವೆ, ಮಿಶ್ರಣಕ್ಕೆ ತಕ್ಕಂತೆ, ಕರಗುತ್ತದೆ. ಆರೋಗ್ಯದ ದೃಷ್ಟಿಯಿಂದ ಅದು ಮೇಲು, ಮಕ್ಕಳು ಕೈಯಲ್ಲಿ ಹಿಡಿದಾಡುವ ಆಟಿಕೆಗೆ ಅದನ್ನೇ ಬಳಸಬೇಕು. ಆದರೆ ಅದಕ್ಕೆ ಬಲವಾದ ಐರನ್ ಬೇಕು. ಒಂದೇ ಜಾಗದಲ್ಲಿ ಎರಡು ಬಗೆಯನ್ನೂ ಬೆರೆಸಬೇಡಿ. ಹಳೆಯದನ್ನು ಪೂರ್ತಿ ತೆಗೆದ ಮೇಲೆ ಹೊಸದನ್ನು ಹಾಕಿರಿ.

ಎರಡನೆಯದು ದಪ್ಪ. 22 ಗೇಜ್ ಎಂದರೆ ಸುಮಾರು 0.7 ಮಿ.ಮೀ., ಇದು ಆಟಿಕೆ ಮೋಟಾರಿಗೆ ಒಪ್ಪುತ್ತದೆ. ಸ್ಪ್ರೇಯರಿನ ಟರ್ಮಿನಲ್ಲಿಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಬೇಕು. ದಪ್ಪ ಟರ್ಮಿನಲ್ಲಿಗೆ ತೆಳು ಸೋಲ್ಡರ್ ಬಳಸಿದರೆ ಸುರುಳಿಯನ್ನು ಬಿಚ್ಚಿ ಬಿಚ್ಚಿ ಉಣಿಸುವುದರಲ್ಲೇ ಹೊತ್ತು ಹೋಗಿ, ಅಷ್ಟರಲ್ಲಿ ಬುಡ ಕರಗಿರುತ್ತದೆ.

ಮೂರನೆಯದು ಫ್ಲಕ್ಸ್. ಒಳಗೆ ರಾಳ, ಅಂದರೆ ರೋಸಿನ್ ತುಂಬಿದ ಸೋಲ್ಡರನ್ನೇ ತರಬೇಕು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವಾಗಲಿ, ತಗಡಿನ ಕೆಲಸದವರ ಆ್ಯಸಿಡ್ ಆಗಲಿ ಮೋಟಾರಿನ ಹತ್ತಿರ ಬರಬಾರದು. ಹಚ್ಚಿದ ದಿನ ಬೆಸುಗೆ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಎಳೆಗಳ ನಡುವೆ ಉಳಿದ ಆ್ಯಸಿಡ್ ಮುಂದಿನ ಮಳೆಗಾಲದೊಳಗೆ ತಾಮ್ರವನ್ನು ಹಸಿರಾಗಿಸಿ ತಿಂದುಹಾಕುತ್ತದೆ. ಡಬ್ಬಿಯ ಪೇಸ್ಟ್ ಬೇಕೇ ಬೇಕೆಂದರೆ ರೋಸಿನ್‌ನದನ್ನೇ ಆರಿಸಿ, ಕಡ್ಡಿಯ ತುದಿಯಷ್ಟು ಮಾತ್ರ ಹಚ್ಚಿರಿ.

ಹಂತ 4: ಐರನ್ ಆರಿಸುವುದು

25 ವ್ಯಾಟಿನ ಚೂಪು ತುದಿಯ ಐರನ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎಲ್ಲರ ಮನೆಗೂ ಮೊದಲು ಬರುವುದೂ ಅದೇ. ಖಾಲಿ ಹಿಡಿದಾಗ ಅದರ ತುದಿಯೂ 350 ಡಿಗ್ರಿಯನ್ನು ಮುಟ್ಟಬಲ್ಲದು. ಆದರೆ ತುದಿಯ ಬಿಸಿ ಎಷ್ಟಿದೆ ಎಂಬುದಕ್ಕಿಂತ, ದಪ್ಪ ಲೋಹವನ್ನು ಮುಟ್ಟಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮುಖ್ಯ. ಒಂದು ಲೋಟ ಕುದಿಯುವ ನೀರನ್ನು ಹಂಡೆಯ ತಣ್ಣೀರಿಗೆ ಸುರಿದರೆ ಹಂಡೆ ಬೆಚ್ಚಗಾಗುವುದಿಲ್ಲ. ಚೂಪು ಬಿಟ್ಟಿನ ಪಾಡೂ ಅಷ್ಟೇ.

ಆಟಿಕೆಯ ಮೋಟಾರಿಗೂ 7/36 ವೈರಿಗೂ 25 ವ್ಯಾಟ್ ಸಾಕು. ಸ್ಪ್ರೇಯರ್ ಪಂಪಿಗೆ, 775 ಮೋಟಾರಿಗೆ, 23/36 ಮತ್ತು ಅದಕ್ಕಿಂತ ದಪ್ಪದ ವೈರಿಗೆ 50ರಿಂದ 60 ವ್ಯಾಟಿನ, ಉಷ್ಣವನ್ನು ಹೊಂದಿಸಿಕೊಳ್ಳಬಹುದಾದ ಐರನ್ ಬೇಕು. ಒಂದೇ ಐರನ್ ಕೊಳ್ಳುವ ಶಕ್ತಿಯಿದ್ದರೆ ಈ ಎರಡನೆಯದನ್ನೇ ಕೊಳ್ಳಿರಿ, ಏಕೆಂದರೆ ಬಿಟ್ ಬದಲಿಸಿ, ಬಿಸಿ ತಗ್ಗಿಸಿ ಸಣ್ಣ ಕೆಲಸವನ್ನೂ ಅದರಲ್ಲಿ ಮಾಡಬಹುದು. 25 ವ್ಯಾಟಿನಿಂದ ದೊಡ್ಡ ಕೆಲಸ ಆಗುವುದಿಲ್ಲ.

ವ್ಯಾಟಿಗಿಂತಲೂ ಹೆಚ್ಚು ಗಮನವನ್ನು ಬಿಟ್ಟಿನ ಆಕಾರಕ್ಕೆ ಕೊಡಬೇಕು. ಸ್ಕ್ರೂಡ್ರೈವರಿನ ತುದಿಯಂತೆ ಚಪ್ಪಟೆಯಾಗಿರುವ 3ರಿಂದ 4 ಮಿ.ಮೀ. ಅಗಲದ ಬಿಟ್ ಟರ್ಮಿನಲ್ಲಿಗೆ ಮೈಯಾನಿಸಿ ನಿಲ್ಲುತ್ತದೆ, ಬಿಸಿ ಅಗಲವಾಗಿ ಇಳಿಯುತ್ತದೆ. ಚೂಪು ಬಿಟ್ ಒಂದು ಚುಕ್ಕೆಯಲ್ಲಿ ಮಾತ್ರ ಮುಟ್ಟುತ್ತದೆ. ಅದೇ ಐರನ್, ಅದೇ ಸೋಲ್ಡರ್ ಇಟ್ಟುಕೊಂಡು ಬಿಟ್ ಒಂದನ್ನೇ ಬದಲಿಸಿದಾಗ ಕೆಲಸ ಮೂರು ಸೆಕೆಂಡಿಗೆ ಮುಗಿದದ್ದನ್ನು ಕಂಡು, ಇಷ್ಟು ವರ್ಷ ಕಷ್ಟಪಟ್ಟೆನಲ್ಲ ಎಂದು ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ವೋಲ್ಟೇಜಿನ ಲೆಕ್ಕವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಸಾಲಿನ ಕೊನೆಯ ಮನೆಯಲ್ಲಿ 230ರ ಬದಲು 180 ವೋಲ್ಟ್ ಇದ್ದರೆ, ಸಾದಾ ಐರನ್ನಿನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯದೆ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ: 25 ವ್ಯಾಟಿನ ಐರನ್ ಆಗ ಸುಮಾರು 15 ವ್ಯಾಟಿನದಾಗಿರುತ್ತದೆ. ಬೆಳಿಗ್ಗೆ ಸರಿಯಾಗಿ ಹಿಡಿದ ಬೆಸುಗೆ ಸಂಜೆ ಹಿಡಿಯಲಿಲ್ಲವೆಂದು ದೂರುವವರು ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ವೋಲ್ಟೇಜನ್ನು ಮೊದಲು ನೋಡಬೇಕು. 60 ವ್ಯಾಟಿನದಾದರೆ ಇಳಿದ ಮೇಲೂ 35 ವ್ಯಾಟಿಗಿಂತ ಹೆಚ್ಚು ಉಳಿಯುತ್ತದೆ.

ಐರನ್ ಮೂರು ಪಿನ್ನಿನದಾಗಿರಬೇಕು, ಮೂರನೆಯ ಪಿನ್ ಹೆಸರಿಗೆ ಮಾತ್ರ ಇರಬಾರದು. ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು, ಅರ್ಥ್ ಪಿನ್ನಿಗೂ ಬಿಟ್ಟಿಗೂ ಮಲ್ಟಿಮೀಟರ್ ಹಿಡಿದಾಗ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅಂಥ ಐರನ್ ಕೊಳ್ಳಬೇಡಿ. ಮನೆಗೆ ತಂದ ಮೇಲೆ 1.5 ಚದರ ಮಿ.ಮೀ. ಮನೆ ವೈರಿಂಗಿನ ಒಂಟಿ ಎಳೆಯ ತಾಮ್ರದ ತುಂಡಿಗೆ ಬಿಟ್ ಆನಿಸಿ, ಎದುರು ಬದಿಯಿಂದ ಸೋಲ್ಡರ್ ಮುಟ್ಟಿಸಿ ನೋಡಿರಿ. ಮೂರು ನಾಲ್ಕು ಸೆಕೆಂಡಿನಲ್ಲಿ ಹರಿದರೆ ಐರನ್ ಸ್ಪ್ರೇಯರಿನ ಕೆಲಸಕ್ಕೆ ಬರುತ್ತದೆ. ಎಂಟು ಹತ್ತು ಎಣಿಸಬೇಕಾಯಿತೆಂದರೆ ಅದನ್ನು ಆಟಿಕೆಗೆ ಇಟ್ಟುಕೊಳ್ಳಿ.

ಹಂತ 5: ಬಿಟ್ ಹದಗೊಳಿಸುವುದು

ಹೊಸ ಬಿಟ್ ಮೊದಲ ಸಲ ಕಾಯುತ್ತಿರುವಾಗಲೇ ಸೋಲ್ಡರನ್ನು ಅದರ ತುದಿಗೆ ತಾಗಿಸಿ, ಕರಗಿದ ಕೂಡಲೇ ಸುತ್ತ ಹರಡಬೇಕು. ಐದು ನಿಮಿಷ ಖಾಲಿ ಕಾಯಲು ಬಿಟ್ಟರೆ ತುದಿ ಕಪ್ಪಾಗಿ, ಆಮೇಲೆ ಬಿಸಿಯನ್ನು ದಾಟಿಸುವುದಿಲ್ಲ. ಕಬ್ಬಿಣದ ಲೇಪವಿರುವ ಬಿಟ್ಟನ್ನು ಅರದಿಂದ ಉಜ್ಜಬಾರದು. ಲೇಪ ಹೋದರೆ ಒಳಗಿನ ತಾಮ್ರ ಕೆಲವೇ ದಿನದಲ್ಲಿ ಗುಳಿಬೀಳುತ್ತದೆ. ಬರಿ ತಾಮ್ರದ ಹಳೆಯ ಬಗೆಯ ಬಿಟ್ಟಿಗೆ ಮಾತ್ರ ಅರ ಹಾಕಬಹುದು. ಒರೆಸಲು ಹಿಂಡಿದ ಒದ್ದೆ ಸ್ಪಂಜು ಸಾಕು. ಕೆಲಸ ಮುಗಿದ ಮೇಲೆ ತುದಿಗೆ ಸೋಲ್ಡರ್ ಮೆತ್ತಿಯೇ ಆರಿಸಬೇಕು.

ಹಂತ 6: ವೈರ್ ಮತ್ತು ಟರ್ಮಿನಲ್ ಸಿದ್ಧಪಡಿಸುವುದು

ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಸ್ಲೀವನ್ನು ಎಲ್ಲಕ್ಕಿಂತ ಮೊದಲು ವೈರಿಗೆ ತೂರಿಸಿ, ಬಿಸಿ ತಾಗದಷ್ಟು ದೂರಕ್ಕೆ ಸರಿಸಿಡಬೇಕು. ಬೆಸುಗೆ ಮುಗಿದ ಮೇಲೆ ಸ್ಲೀವ್ ನೆನಪಾಗುವುದು ಎಲ್ಲರಿಗೂ ಆಗುತ್ತದೆ, ನನಗೆ ಈಗಲೂ ಆಗುತ್ತದೆ.

ವೈರಿನ ಹೊದಿಕೆಯನ್ನು 5ರಿಂದ 6 ಮಿ.ಮೀ. ಮಾತ್ರ ಸುಲಿದು, ಒಂದು ಎಳೆಯೂ ತುಂಡಾಗಿಲ್ಲವೆಂದು ನೋಡಿ, ಎಳೆಗಳನ್ನು ಹುರಿ ಮಾಡಿ, ತೆಳುವಾಗಿ ಸೋಲ್ಡರ್ ಹಿಡಿಸಿರಿ. ಎಳೆಗಳ ಹುರಿ ಸೋಲ್ಡರಿನ ಕೆಳಗೂ ಕಾಣಿಸುತ್ತಿರಬೇಕು. ಸೋಲ್ಡರ್ ಹೊದಿಕೆಯ ಒಳಗೆ ಏರಿದರೆ ವೈರ್ ಅಲ್ಲಿಯವರೆಗೆ ಕಡ್ಡಿಯಾಗಿ, ಮೋಟಾರಿನ ಅದುರಾಟಕ್ಕೆ ಆ ಕಡ್ಡಿ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಸುರುಳಿಯ ಎನಾಮಲ್ ತಂತಿಯಾದರೆ ಸುತ್ತಲೂ ಕೆರೆದು ತಾಮ್ರ ಹೊಳೆಯುವಂತೆ ಮಾಡಬೇಕು. ಎನಾಮಲ್ಲಿನ ಮೇಲೆಯೇ ಸೋಲ್ಡರ್ ಮೆತ್ತಿದರೆ ಹಿಡಿದಂತೆ ಕಂಡರೂ ಕರೆಂಟ್ ಹೋಗುವುದಿಲ್ಲ.

ಟರ್ಮಿನಲ್ಲನ್ನು ಬ್ಲೇಡಿನಿಂದಲೋ ನಯವಾದ ಉಪ್ಪುಕಾಗದದಿಂದಲೋ ಕೆರೆಯಿರಿ. ಸ್ಟೀಲ್ ವುಲ್ ಮಾತ್ರ ಬೇಡ. ಅದರ ಪುಡಿಯನ್ನು ಮೋಟಾರಿನ ಅಯಸ್ಕಾಂತ ಒಳಗೆಳೆದುಕೊಂಡರೆ ಹೊರಗೆ ತೆಗೆಯುವ ದಾರಿಯಿಲ್ಲ. ಅಯಸ್ಕಾಂತ ಉಕ್ಕಿನ ಚಿಮುಟವನ್ನೂ ಬಿಟ್ಟಿನ ಕಬ್ಬಿಣದ ಲೇಪವನ್ನೂ ತನ್ನೆಡೆಗೆ ಸೆಳೆಯುವುದರಿಂದ ಕೈ ಗಟ್ಟಿಯಾಗಿರಲಿ.

ಹಂತ 7: ಬೆಸುಗೆ ಹಾಕುವುದು

ಕಿಟಕಿ ತೆರೆದಿಟ್ಟು, ಹೊಗೆ ಮುಖಕ್ಕೆ ಬಾರದಂತೆ ಕುಳಿತುಕೊಳ್ಳಿ. ಮೇಲೇಳುವ ಹೊಗೆ ರಾಳದ್ದು, ಉಬ್ಬಸವಿದ್ದವರಿಗೆ ಅದು ತೊಂದರೆ ಕೊಡುತ್ತದೆ; ಸೀಸ ದೇಹಕ್ಕೆ ಸೇರುವುದು ಹೆಚ್ಚಾಗಿ ಬೆರಳಿನಿಂದ ಬಾಯಿಗೆ. ಕೈ ತೊಳೆಯದೆ ತಿಂಡಿ ಕಾಫಿ ಮುಟ್ಟಬೇಡಿ.

ಸೀಸವಿರುವ ಸೋಲ್ಡರಿಗೆ ಐರನ್ನನ್ನು 320ರಿಂದ 360 ಡಿಗ್ರಿಗೆ, ಸೀಸವಿಲ್ಲದ್ದಕ್ಕೆ 350ರಿಂದ 380 ಡಿಗ್ರಿಗೆ ಇಡಿ. ಮೋಟಾರನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಡಿಸಿ, ಕರಗಿದ ಹನಿ ಗಾಳಿಕಿಂಡಿಯೊಳಗೆ ಬೀಳದಂತೆ ಓರೆಯಾಗಿ ಇಡಬೇಕು. ವೈರನ್ನು ಟರ್ಮಿನಲ್ಲಿನ ತೂತಿನಲ್ಲಿ ತೂರಿಸಿ ಕೊಕ್ಕೆಯಂತೆ ಮಡಿಸಿದರೆ ಎಳೆತವನ್ನು ಆ ಮಡಿಕೆ ತಡೆಯುತ್ತದೆ. ಟರ್ಮಿನಲ್ಲಿನ ಬುಡಕ್ಕೆ ಒದ್ದೆ ಹತ್ತಿಯ ಎಸಳು ಸುತ್ತಿದರೆ ಪ್ಲಾಸ್ಟಿಕ್ ಉಳಿಯುತ್ತದೆ.

ಬಿಟ್ಟಿನ ತುದಿಗೆ ಸಾಸಿವೆಯಷ್ಟು ಸೋಲ್ಡರ್ ಹಿಡಿಸಿ, ಅದರ ಚಪ್ಪಟೆ ಮೈ ವೈರಿಗೂ ಟರ್ಮಿನಲ್ಲಿಗೂ ಒಟ್ಟಿಗೆ ತಾಗುವಂತೆ ಇಡಿ. ಒಂದು, ಎರಡು ಎಂದು ಎಣಿಸಿ, ಸೋಲ್ಡರನ್ನು ಬಿಟ್ಟಿಗೆ ಮುಟ್ಟಿಸದೆ, ಎದುರು ಬದಿಯ ತಾಮ್ರಕ್ಕೆ ಮುಟ್ಟಿಸಿರಿ. ತಾಮ್ರದ ಬಿಸಿಗೇ ಕರಗಿ ಒಳಗೆ ಹರಿದರೆ ಸರಿಯಾಯಿತು. ಸೋಲ್ಡರನ್ನು ಮೊದಲು, ಐರನ್ನನ್ನು ಆಮೇಲೆ ತೆಗೆಯಿರಿ. ಆರುವವರೆಗೆ ಊದದೆ, ಅಲುಗಿಸದೆ ಬಿಡಿ. ಐದು ಎಣಿಸಿದರೂ ಹರಿಯದಿದ್ದರೆ ಐರನ್ನನ್ನು ಎತ್ತಿ, ಮೋಟಾರ್ ಪೂರ್ತಿ ತಣ್ಣಗಾದ ಮೇಲೆ ಕಾರಣವನ್ನು ಹುಡುಕಬೇಕು. ಒಂದು ಟರ್ಮಿನಲ್ ತಣಿದ ನಂತರವೇ ಇನ್ನೊಂದನ್ನು ಮುಟ್ಟಬೇಕು.

ಹಂತ 8: ಪರೀಕ್ಷೆ ಮತ್ತು ಅಪಾಯದ ಗುರುತುಗಳು

ಸರಿಯಾದ ಬೆಸುಗೆ ಟರ್ಮಿನಲ್ಲಿನ ಮೇಲೆ ಇಳಿಜಾರಾಗಿ ಹರಡಿ, ಅಂಚು ತೆಳುವಾಗಿ ಮುಗಿಯುತ್ತದೆ. ಅಂಚು ಒಳಕ್ಕೆ ಮಡಿದು ಗುಂಡಗೆ ಕೂತಿದ್ದರೆ ಅದು ಡ್ರೈ ಸೋಲ್ಡರ್, ಅಂದರೆ ಲೋಹಕ್ಕೆ ಸರಿಯಾಗಿ ಅಂಟದ ಬೆಸುಗೆ. ಹೊಳಪನ್ನು ಮಾತ್ರ ನಂಬಬಾರದು, ಸೀಸವಿಲ್ಲದ ಸೋಲ್ಡರ್ ಸರಿಯಾಗಿದ್ದಾಗಲೂ ಮಂಕಾಗಿಯೇ ಕಾಣುತ್ತದೆ.

ಮಲ್ಟಿಮೀಟರಿನ ಬೀಪ್ ಶಬ್ದ ಕೇಳಿಸಿತೆಂದು ಸಮಾಧಾನಪಡಬೇಡಿ, ಒಂದೇ ಎಳೆ ತಾಗಿದ್ದರೂ ಅದು ಬೀಪ್ ಎನ್ನುತ್ತದೆ. ಮೋಟಾರ್ ಓಡುತ್ತಿರುವಾಗ ಮಿಲಿವೋಲ್ಟ್ ಅಳತೆಯಲ್ಲಿ ಒಂದು ಮೊನೆಯನ್ನು ವೈರಿನ ತಾಮ್ರಕ್ಕೂ ಇನ್ನೊಂದನ್ನು ಟರ್ಮಿನಲ್ಲಿಗೂ ಹಿಡಿಯಿರಿ. 3 ಆಂಪಿಯರ್ ಹರಿಯುತ್ತಿದ್ದಾಗಲೂ ಒಳ್ಳೆಯ ಬೆಸುಗೆಯಲ್ಲಿ ಕೆಲವೇ ಮಿಲಿವೋಲ್ಟ್ ಕಾಣಬೇಕು. 50 ದಾಟಿದರೆ, ಅಥವಾ ವೈರನ್ನು ಅಲುಗಿಸಿದಾಗ ಅಂಕಿ ಕುಣಿದರೆ, ಬಿಚ್ಚಿ ಮತ್ತೆ ಹಾಕಿರಿ. ಈ ಅಳತೆಯನ್ನು ಬ್ಯಾಟರಿ ಮೋಟಾರಿನಲ್ಲಿ ಮಾತ್ರ ಮಾಡಬೇಕು, 230 ವೋಲ್ಟಿನದರಲ್ಲಿ ಮಾಡಬಾರದು.

ಐದು ನಿಮಿಷ ಓಡಿಸಿ, ನಿಲ್ಲಿಸಿ, ಬೆಸುಗೆಯನ್ನು ಮುಟ್ಟಿ ನೋಡಿರಿ. ಮೋಟಾರಿನ ಮೈಗಿಂತ ಬೆಸುಗೆಯೇ ಹೆಚ್ಚು ಬಿಸಿಯಾಗಿದ್ದರೆ ದೋಷ ಅಲ್ಲೇ ಇದೆ. ಮೊದಲಿಗಿಂತ ನಿಧಾನವಾಗಿ ತಿರುಗುತ್ತ, ಹಿಂಬದಿಯ ಕಿಂಡಿಯಲ್ಲಿ ಕಿಡಿ ಹೆಚ್ಚಾಗಿ ಕಂಡರೆ, ತಿರುಗುವ ಸುರುಳಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಹಿಡಿದಿರುವ ಪ್ಲಾಸ್ಟಿಕ್ ಮುಚ್ಚಳ ಬಿಸಿಗೆ ಮೆತ್ತಗಾಗಿ ಬ್ರಷ್ ಜರುಗಿದೆ ಎಂದು ತಿಳಿಯಬೇಕು. ಟರ್ಮಿನಲ್ಲನ್ನು ಉಗುರಿನಿಂದ ಮೆಲ್ಲಗೆ ಒತ್ತಿದಾಗ ಬುಡದಲ್ಲಿ ಅಲುಗಾಡಿದರೆ ಅದರ ಮೇಲೆ ಮತ್ತೆ ಬೆಸುಗೆ ಹಾಕುವುದರಿಂದ ಪ್ರಯೋಜನವಿಲ್ಲ. ಹಿಂಬದಿಯ ಮುಚ್ಚಳ ಬಿಡಿಯಾಗಿ ಸಿಕ್ಕರೆ ಅದನ್ನು, ಸಿಗದಿದ್ದರೆ ಮೋಟಾರನ್ನೇ ಬದಲಿಸಬೇಕು.